ಹದಿನೈದು ತುಂಬುತ್ತಿರುವ ಆಲ್ಟೊವನ್ನು ಕೊಟ್ಟು ಐಷಾರಾಮಿ ಸೆಡಾನ್ ಕೊಳ್ಳಬಹುದೇ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗಿನ ಹಳ್ಳಿಯೊಂದರ ಅಡಿಕೆ ಕೃಷಿಕ, ವಯಸ್ಸು 62. 2011ರಲ್ಲಿ ಹೊಸತಾಗಿ ಕೊಂಡ ಮಾರುತಿ ಆಲ್ಟೊ ನಮ್ಮಲ್ಲಿದೆ. 1,38,000 ಕಿಲೋಮೀಟರ್ ಓಡಿದೆ, ದಾರಿಯಲ್ಲಿ ಕೈಕೊಟ್ಟದ್ದು ಎರಡೇ ಸಲ. ಡಾಮರು ರಸ್ತೆಯಿಂದ ಮನೆಯ ಅಂಗಳಕ್ಕೆ ಮುಕ್ಕಾಲು ಕಿಲೋಮೀಟರಿನಷ್ಟು ಮುರಕಲ್ಲಿನ ಇಳಿಜಾರು ದಾರಿ ಇದೆ. ಪತ್ನಿಗೆ ಬೆನ್ನುನೋವು ಇರುವುದರಿಂದ ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗುತ್ತೇವೆ. ಒಟ್ಟು ಓಡಾಟ ವರ್ಷಕ್ಕೆ 7,000 ಕಿಲೋಮೀಟರ್ ಇರಬಹುದು. ಮಗ ಮಂಗಳೂರಿನಲ್ಲಿ 2017ರ ಮಾಡೆಲಿನ, ಜರ್ಮನ್ ಕಂಪೆನಿಯ ಪೆಟ್ರೋಲ್ ಸೆಡಾನ್ ಒಂದನ್ನು ನೋಡಿಟ್ಟಿದ್ದಾನೆ. ಹೊಸತಿರುವಾಗ 45 ಲಕ್ಷ ರೂಪಾಯಿಯ ಕಾರು ಈಗ 14 ಲಕ್ಷಕ್ಕೆ ಸಿಗುತ್ತದಂತೆ. ಅಂಥ ಕಾರುಗಳು ಕೆಡುವುದೇ ಇಲ್ಲ ಎಂದು ಅವನ ವಾದ. ಹದಿನೈದು ವರ್ಷ ತುಂಬಿದರೆ ಆಲ್ಟೊವನ್ನು ಗುಜರಿಗೆ ಹಾಕಲೇಬೇಕು ಎಂದು ಭಾವ ಹೇಳುತ್ತಾರೆ. ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದ ಹಳೆಯ ಎಂಜಿನ್ ಹೇಗೂ ಹಾಳಾಗುತ್ತದೆ ಎಂದು ನೆರೆಯವರು ಹೆದರಿಸುತ್ತಾರೆ. ಅಡಿಕೆ ಮಾರಿದ ಹಣ ಕೈಯಲ್ಲಿದೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಕಾರುಗಳಲ್ಲಿ ಯಾವುದು ಮೇಲು ಎಂಬುದು ನಿಮ್ಮ ನಿಜವಾದ ಪ್ರಶ್ನೆಯಲ್ಲ. ಆ ಸೆಡಾನ್ ಮೇಲಿನ ದರ್ಜೆಯದು ಎಂಬುದರಲ್ಲಿ ನಿಮಗೂ ನನಗೂ ಸಂದೇಹವಿಲ್ಲ. ತಿಂಗಳಿಗೊಮ್ಮೆ ನೋವಿನಲ್ಲಿರುವ ಪತ್ನಿಯನ್ನು ಕೂರಿಸಿಕೊಂಡು ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬರುವುದಕ್ಕೆ ಯಾವ ಕಾರನ್ನು ನಂಬಬಹುದು, ಮತ್ತು ಆ ನಂಬಿಕೆಗೆ ತೆರಬೇಕಾದ ಬೆಲೆ 14 ಲಕ್ಷಕ್ಕೆ ನಿಲ್ಲುತ್ತದೆಯೇ ಎಂಬುದೇ ನಿಮ್ಮನ್ನು ಕಾಡುತ್ತಿರುವ ಸಂಗತಿ ಎಂದು ತಿಳಿದುಕೊಂಡು ಉತ್ತರಿಸುತ್ತೇನೆ. ಕುಂಬಳೆ, ಕಾಸರಗೋಡು ಆಸುಪಾಸಿನಲ್ಲಿ ಇಪ್ಪತ್ತಾರು ವರ್ಷಗಳಿಂದ ವಾಹನ ದುರಸ್ತಿಯ ಕೆಲಸ ಮಾಡುತ್ತಿರುವ ನಾನು ಈ ಎರಡೂ ಬಗೆಯ ಕಾರುಗಳನ್ನು ಬಿಚ್ಚಿ ಜೋಡಿಸಿದ್ದೇನೆ.

ಮೊದಲು ನಿಮ್ಮ ಭಾವನವರ ಮಾತು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ ಎಂಬುದು ನಿಜ, ಆದರೆ ಅದು ತುಂಬಿದ ದಿನವೇ ಕಾರು ಗುಜರಿಯಾಗಬೇಕು ಎಂಬುದು ನಮ್ಮ ಊರಿನ ಮಟ್ಟಿಗೆ ಸುಳ್ಳು. ದೆಹಲಿ ಮತ್ತು ಅದರ ಸುತ್ತಣ ರಾಜಧಾನಿ ವಲಯದಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲೆ ಬಂದ ನಿರ್ಬಂಧದ ಸುದ್ದಿ ಹರಡಿ ಹರಡಿ ಈ ರೂಪ ಪಡೆದಿದೆ. ಇಲ್ಲಿ ಕಾರನ್ನು ಆರ್‌ಟಿಒ ತಪಾಸಣೆಗೆ ಒಡ್ಡಿ, ಅದು ಓಡಲು ಯೋಗ್ಯವೆಂದು ಕಂಡುಬಂದರೆ ಐದು ವರ್ಷಗಳಿಗೆ ನೋಂದಣಿ ನವೀಕರಿಸಿಕೊಳ್ಳಬಹುದು. ಖರ್ಚು ಮೊದಲಿನಂತಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು: 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿತು, ರಾಜ್ಯದ ತೆರಿಗೆ ಮತ್ತು ಹಸಿರು ತೆರಿಗೆ ಅದಕ್ಕೆ ಸೇರುತ್ತವೆ. ತುಕ್ಕು ಹಿಡಿದ ತಳ, ಮಂಕಾದ ಹೆಡ್‌ಲೈಟ್, ಹೊಗೆ ಇವುಗಳನ್ನು ಮೊದಲೇ ಸರಿಮಾಡಿಸಿಕೊಂಡು ಹೋದರೆ ನಿಮ್ಮ ಆಲ್ಟೊ ತಪಾಸಣೆಯಲ್ಲಿ ಗೆಲ್ಲದಿರಲು ಕಾರಣವಿಲ್ಲ.

ಎಥೆನಾಲಿನ ಭಯದಲ್ಲಿ ಸ್ವಲ್ಪ ಸತ್ಯವಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. 2023ರ ಏಪ್ರಿಲಿನಿಂದ ತಯಾರಾದ ಕಾರುಗಳನ್ನು ಈ ಮಿಶ್ರಣಕ್ಕೆ ಹೊಂದುವ ಸಾಮಗ್ರಿಗಳಿಂದ ಮಾಡಿದ್ದಾರೆ. ಅದಕ್ಕಿಂತ ಹಿಂದಿನವುಗಳ ರಬ್ಬರ್ ಪೈಪು, ಗ್ಯಾಸ್ಕೆಟ್, ಸೀಲುಗಳು ಹೆಚ್ಚು ಬೇಗ ಗಟ್ಟಿಯಾಗಿ ಬಿರುಕು ಬಿಡಬಹುದು. ಹಳೆಯ ಕಾರುಗಳ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಆಟಿ ತಿಂಗಳ ಮಳೆಯಲ್ಲಿ ಅರ್ಧ ಟ್ಯಾಂಕಿನೊಂದಿಗೆ ಮೂರು ವಾರ ಶೆಡ್ಡಿನಲ್ಲೇ ನಿಂತ ಕಾರು ತೊಂದರೆ ಕೊಡುವುದನ್ನು ನಾನೂ ನೋಡಿದ್ದೇನೆ. ಆದರೆ ಎಂಜಿನ್ನೇ ಹಾಳಾಗುತ್ತದೆ ಎಂಬುದು ಅತಿಯಾಯಿತು. ಇಂಧನದ ಪೈಪುಗಳನ್ನೂ ಫಿಲ್ಟರನ್ನೂ ಒಮ್ಮೆ ಹೊಸತು ಹಾಕಿಸಿ, ಮಳೆಗಾಲದಲ್ಲಿ ಟ್ಯಾಂಕನ್ನು ತುಂಬಿಟ್ಟು, ವಾರಕ್ಕೊಮ್ಮೆಯಾದರೂ ಓಡಿಸಿದರೆ ಆಲ್ಟೊಗೆ ಅಷ್ಟೇ ಸಾಕು. ಇಲ್ಲಿ ಎಲ್ಲರೂ ಮರೆಯುವ ಮಾತೊಂದಿದೆ: 2017ರ ಆ ಸೆಡಾನ್ ಕೂಡ 2023ಕ್ಕಿಂತ ಹಿಂದಿನದೇ. ನಿಮ್ಮ ಕಾರಿಗಿಂತ ಆರು ವರ್ಷ ಕಿರಿಯದಾದರೂ ಎಥೆನಾಲಿನ ವಿಷಯದಲ್ಲಿ ಅದು ಆಲ್ಟೊದ ಸಾಲಿನಲ್ಲೇ ನಿಲ್ಲುತ್ತದೆ, ಮತ್ತು ಅದರ ಅಧಿಕ ಒತ್ತಡದ ಇಂಧನ ಪಂಪು, ಇಂಜೆಕ್ಟರುಗಳು ಕೆಟ್ಟರೆ ಬರುವ ಬಿಲ್ಲು ಆಲ್ಟೊದ್ದರಂತೆ ಇರುವುದಿಲ್ಲ.

ಇನ್ನು ನಿಮ್ಮ ಮಗನ ವಾದಕ್ಕೆ ಬರುತ್ತೇನೆ. ದುಬಾರಿ ಕಾರು ಕೆಡುವುದಿಲ್ಲ ಎಂಬ ನಂಬಿಕೆ ಹುಟ್ಟುವುದು ಹೊಸ ಕಾರಿನ ಮೊದಲ ಐದಾರು ವರ್ಷಗಳನ್ನು ನೋಡಿ. ಆ ಅವಧಿಯಲ್ಲಿ ವಾರಂಟಿ ಇರುತ್ತದೆ, ಮೊದಲ ಮಾಲೀಕರು ಕಂಪೆನಿಯ ಸರ್ವಿಸಿಗೆ ತಪ್ಪದೆ ಕೊಡುತ್ತಾರೆ, ಕೆಟ್ಟದ್ದು ಸದ್ದಿಲ್ಲದೆ ಬದಲಾಗಿ ಬರುತ್ತದೆ. 45 ಲಕ್ಷದ ಕಾರು 14 ಲಕ್ಷಕ್ಕೆ ಇಳಿದಾಗ ಇಳಿದದ್ದು ಅದರ ಮಾರಾಟದ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ, ಕುಶಲ ಕೆಲಸಗಾರನ ಕೂಲಿ ಇಳಿದಿಲ್ಲ. ಅದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ಖರ್ಚು ಇಂದಿಗೂ 45 ಲಕ್ಷದ ಕಾರಿನದ್ದೇ. ಈ ಒಂದು ಮಾತನ್ನು ನಿಮ್ಮ ಮಗನೊಂದಿಗೆ ಕುಳಿತು ಚರ್ಚಿಸಬೇಕೆಂದು ನನ್ನ ವಿನಂತಿ, ಏಕೆಂದರೆ ಮುಂದಿನದ್ದೆಲ್ಲ ಇದರ ವಿವರಣೆಯೇ ಆಗಿದೆ.

ಕೆಡುವುದಕ್ಕೆ ಕಾರಣ ಕಳಪೆ ತಯಾರಿಕೆಯಲ್ಲ. ನಿಮ್ಮ ಆಲ್ಟೊದಲ್ಲಿ 796 ಸಿಸಿಯ ಮೂರು ಸಿಲಿಂಡರಿನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಸಾಧನ) ಇಲ್ಲದ ಸರಳ ಎಂಜಿನ್ ಇದೆ. ಅಂಥ ಸೆಡಾನಿನಲ್ಲಿ ಎರಡು ಲೀಟರಿನ ಎಂಜಿನ್ನಿಗೆ ಟರ್ಬೊ ಜೋಡಿಸಿ, ಕಿರಿದಾದ ಜಾಗದಲ್ಲಿ ಬಹಳ ಶಾಖ ಹುಟ್ಟುವಂತೆ ಮಾಡಿ, ಆ ಶಾಖವನ್ನು ಹೊರಗೊಯ್ಯುವ ಕೆಲಸವನ್ನು ಪ್ಲಾಸ್ಟಿಕ್ಕಿನ ಕೂಲಂಟ್ (ಎಂಜಿನ್ ತಣಿಸುವ ದ್ರವ) ಪೈಪು, ಥರ್ಮೋಸ್ಟಾಟ್, ಪಂಪುಗಳಿಗೆ ವಹಿಸಿರುತ್ತಾರೆ. ಎಂಟು ಹತ್ತು ವರ್ಷ ಕಾದು ತಣಿದು ಕಾದು ತಣಿದು ಆ ಪ್ಲಾಸ್ಟಿಕ್ ಹಪ್ಪಳದಂತೆ ಪೆಡಸಾಗುತ್ತದೆ. ಅದು ಮುರಿಯುವುದು ಗಡಿಯಾರ ನೋಡಿಕೊಂಡಲ್ಲ. ಕೂಲಂಟ್ ಸೋರಿ ಎಂಜಿನ್ ಕಾದದ್ದು ಚಾಲಕನ ಗಮನಕ್ಕೆ ಬರುವುದು ತಡವಾದರೆ ಸಿಲಿಂಡರ್ ಹೆಡ್ ಬಾಗುತ್ತದೆ. ಚಕ್ರಗಳನ್ನು ಹಿಡಿದಿರುವ ಅಲ್ಯೂಮಿನಿಯಮ್ ತೋಳುಗಳಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಒಳ್ಳೆಯ ರಸ್ತೆಯಲ್ಲಿ ಆ ಕಾರು ತೇಲಿದಂತೆ ಸಾಗುವುದು ಅವುಗಳಿಂದಲೇ, ಹೊಂಡದ ರಸ್ತೆಯಲ್ಲಿ ಮೊದಲು ಹರಿಯುವುವೂ ಅವೇ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಕಾರಿನ ಆಯುಷ್ಯದುದ್ದಕ್ಕೂ ಬದಲಾಯಿಸಬೇಕಾಗಿಲ್ಲ ಎಂದು ಮಾರುವವರು ಹೇಳುವುದುಂಟು. ಆದರೆ ಇಂಥ ಅನೇಕ ಕಾರುಗಳಿಗೆ ಗೇರ್‌ಬಾಕ್ಸ್ ಒದಗಿಸುವ ಜರ್ಮನಿಯ ಜ಼ಡ್‌ಎಫ್ ಕಂಪೆನಿಯೇ 80,000ದಿಂದ 1,20,000 ಕಿಲೋಮೀಟರಿನ ಒಳಗೆ ಬದಲಾಯಿಸುವಂತೆ ಸಲಹೆ ನೀಡುತ್ತದೆ. ನಿಮಗೆ ತೋರಿಸಿರುವ ಕಾರಿನಲ್ಲಿ ಆ ಕೆಲಸ ಆಗಿರದಿದ್ದರೆ ಅದರ ಹೊರೆ ನಿಮ್ಮ ತಲೆಗೆ ಬರುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಕಾರಿನ ಹೆಸರು ಬೇಡ. ನಿಮ್ಮಂತೆಯೇ ತೋಟವಿರುವ ಒಬ್ಬರು ಎಂಟು ವರ್ಷದ ಸೆಡಾನನ್ನು ಸಂತೋಷದಿಂದ ಕೊಂಡರು. ಮೊದಲ ಮಳೆಗಾಲದಲ್ಲಿ ಶೆಡ್ಡಿಗೆ ನುಗ್ಗಿದ ಇಲಿ ಎಂಜಿನ್ನಿನ ವೈರುಗಳನ್ನು ಕಡಿಯಿತು. ಆಲ್ಟೊದಲ್ಲಿ ಆಗಿದ್ದರೆ ನಮ್ಮ ಹುಡುಗ ಸಂಜೆಯೊಳಗೆ ಬೆಸೆದು ಕೊಡುತ್ತಿದ್ದ. ಆ ಕಾರಿನಲ್ಲಿ ಹತ್ತಾರು ಕಂಪ್ಯೂಟರ್ ಘಟಕಗಳು ಒಂದರೊಡನೊಂದು ಮಾತಾಡುವ ತಂತಿಗಳವು. ಹಾಗಾಗಿ ಕಾರನ್ನು ಲಾರಿಯ ಮೇಲೇರಿಸಿ ಮಂಗಳೂರಿಗೆ ಕಳಿಸಿ, ಹೊಸ ವೈರಿಂಗ್ ಬರುವ ತನಕ ಮೂರು ವಾರ ಕಾದು, ಅವರು ತೆತ್ತ ಹಣದಲ್ಲಿ ಸಾಮಾನ್ಯ ಸ್ಕೂಟರೊಂದನ್ನು ಕೊಳ್ಳಬಹುದಿತ್ತು. ಆ ಮೂರು ವಾರ ಅವರು ಓಡಾಡಿದ್ದು ತಮ್ಮನ ಹಳೆಯ ಸಣ್ಣ ಕಾರಿನಲ್ಲಿ. ಆಸ್ಪತ್ರೆಯ ದಿನಾಂಕ ಮೊದಲೇ ನಿಗದಿಯಾಗಿರುವ ನಿಮ್ಮಂಥವರಿಗೆ ಹಣಕ್ಕಿಂತ ಈ ಕಾಯುವಿಕೆ ಹೆಚ್ಚು ಭಾರವಾಗುತ್ತದೆ ಎಂದು ನನಗೆ ತೋರುತ್ತದೆ.

ಪೆಟ್ರೋಲಿನ ಖರ್ಚನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು, ಏಕೆಂದರೆ ಜನ ಮೊದಲು ಹೆದರುವುದು ಅದಕ್ಕೆ. ನಮ್ಮ ಏರಿಳಿತದ ರಸ್ತೆಗಳಲ್ಲಿ ಆಲ್ಟೊ ಲೀಟರಿಗೆ 16, ಆ ಸೆಡಾನ್ 10 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಂಡರೆ, 7,000 ಕಿಲೋಮೀಟರಿಗೆ ವ್ಯತ್ಯಾಸ ಸುಮಾರು 260 ಲೀಟರ್. ಲೀಟರಿಗೆ 105 ರೂಪಾಯಿಯಂತೆ ವರ್ಷಕ್ಕೆ 27,000 ಚಿಲ್ಲರೆ. ಇದು ದೊಡ್ಡ ಸಂಗತಿಯಲ್ಲ. ಆಲ್ಟೊದ ನಾಲ್ಕು ಟೈರುಗಳು ಹದಿಮೂರು ಹದಿನಾಲ್ಕು ಸಾವಿರದೊಳಗೆ ಬರುವಾಗ ಅಂಥ ಸೆಡಾನಿನ ನಾಲ್ಕು ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ) ಟೈರುಗಳಿಗೆ ಮುಕ್ಕಾಲು ಲಕ್ಷದ ಆಚೀಚೆ ಆಗುತ್ತದೆ. ಒಂದು ಎಲ್‌ಇಡಿ ಹೆಡ್‌ಲೈಟ್ ಒಡೆದರೆ ಲಕ್ಷ ದಾಟುವುದೂ ಉಂಟು. ಕಡ್ಡಾಯ ಥರ್ಡ್ ಪಾರ್ಟಿ ವಿಮೆಯಲ್ಲೂ, 2022ರಲ್ಲಿ ನಿಗದಿಯಾದ ದರದಂತೆ, 1000 ಸಿಸಿಯೊಳಗಿನ ಕಾರಿಗೆ 2,094 ರೂಪಾಯಿ, 1500 ಸಿಸಿ ಮೀರಿದ್ದಕ್ಕೆ 7,897. ಇವೆಲ್ಲಕ್ಕಿಂತ ದೊಡ್ಡದು ಕಣ್ಣಿಗೆ ಕಾಣದ ನಷ್ಟ: ಇಂದು 14 ಲಕ್ಷಕ್ಕೆ ಕೊಂಡದ್ದನ್ನು ನಾಲ್ಕು ವರ್ಷ ಬಿಟ್ಟು ಮಾರಹೊರಟರೆ ಅರ್ಧ ಬೆಲೆ ಹೇಳುವವರೂ ಕಷ್ಟದಲ್ಲಿ ಸಿಗುತ್ತಾರೆ. ಆಲ್ಟೊ ಕಳೆದುಕೊಳ್ಳಬೇಕಾದ ಬೆಲೆಯನ್ನೆಲ್ಲ ಎಂದೋ ಕಳೆದುಕೊಂಡಾಗಿದೆ.

ಈಗ ನಿಮ್ಮ ಮನೆಯ ದಾರಿ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಪತ್ರದ ಆ ಒಂದು ಸಾಲು. ಆಲ್ಟೊದ ತಳ ನೆಲದಿಂದ 160 ಮಿಲಿಮೀಟರ್ ಎತ್ತರದಲ್ಲಿದೆ, ಮತ್ತು ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2.36 ಮೀಟರ್. ಆ ವರ್ಗದ ಸೆಡಾನುಗಳಲ್ಲಿ ಈ ಅಂತರ 2.8 ಮೀಟರಿನಷ್ಟು ಇರುತ್ತದೆ, ತಳ ಇನ್ನೂ ಕೆಳಗೆ ಇರುತ್ತದೆ. ಡಾಮರು ರಸ್ತೆಯಿಂದ ಇಳಿಜಾರಿಗೆ ತಿರುಗುವ ಆ ಏಣಿನ ಮೇಲೆ ಮುಂದಿನ ಚಕ್ರ ಕೆಳಗಿಳಿದು ಹಿಂದಿನ ಚಕ್ರ ಇನ್ನೂ ಮೇಲಿರುವಾಗ ಕಾರಿನ ಹೊಟ್ಟೆ ಮುರಕಲ್ಲಿಗೆ ತಾಗುತ್ತದೆ. ಒಂದೂವರೆ ಟನ್ ತೂಕದ ಕಾರು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ, ಅಗಲವಾದ ಮತ್ತು ಹೆದ್ದಾರಿಗೆಂದೇ ಮಾಡಿದ ಟೈರುಗಳೊಂದಿಗೆ ಮೇಲೆ ಹತ್ತಬೇಕು. ಅದು ಹಿಂದಿನ ಚಕ್ರಗಳಿಂದ ಓಡುವ ಕಾರಾಗಿದ್ದರೆ ಹತ್ತುವಾಗ ಹಿಂಭಾಗ ಜಾರುವುದನ್ನು ನೀವು ಕಲಿತುಕೊಳ್ಳಬೇಕಾಗುತ್ತದೆ. ರನ್‌ಫ್ಲಾಟ್ ಟೈರಿಗೆ ಮೊಳೆ ಚುಚ್ಚಿದರೂ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ 80 ಕಿಲೋಮೀಟರ್ ತನಕ ಓಡಿಸಬಹುದು, ಒಳ್ಳೆಯದೇ. ಆದರೆ ಚೂಪುಗಲ್ಲು ಅದರ ಬದಿಯನ್ನು ಸೀಳಿದರೆ ಡಿಕ್ಕಿಯಲ್ಲಿ ಪೂರ್ಣ ಗಾತ್ರದ ಸ್ಟೆಪ್ನಿ ಇರುವುದು ಅಪರೂಪ, ಪೆರ್ಲ, ಬದಿಯಡ್ಕಗಳಲ್ಲಿ ಆ ಅಳತೆಯ ಟೈರು ಸಿಗುವ ನಿರೀಕ್ಷೆಯೂ ಬೇಡ. ಹೆದ್ದಾರಿ 66ರ ಸರ್ವಿಸ್ ರಸ್ತೆಗಳಲ್ಲಿ ಮಳೆನೀರು ಕಟ್ಟಿ ನಿಂತಾಗ ಆಲ್ಟೊ ಕೂಡ ಅಪಾಯದಲ್ಲೇ ಇರುತ್ತದೆ. ವ್ಯತ್ಯಾಸವೆಂದರೆ ಅಂಥ ಸೆಡಾನುಗಳಲ್ಲಿ ಕೆಲವು ಕಂಪ್ಯೂಟರ್ ಘಟಕಗಳು ಸೀಟಿನಡಿಯಲ್ಲಿ, ಕಾರ್ಪೆಟಿನ ಕೆಳಗೆ ಇರುತ್ತವೆ. ಒಳಗೆ ನುಗ್ಗಿದ ನೀರು ಬತ್ತಿದ ಮೇಲೂ ಕಾಟ ನಿಲ್ಲುವುದಿಲ್ಲ.

ಇಷ್ಟು ಓದಿದ ಮೇಲೆ ಆಲ್ಟೊವನ್ನೇ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆಂದು ನೀವು ಭಾವಿಸಬಹುದು. ಹಾಗೆ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಣ ಸುರಕ್ಷತೆ. 2011ರ ನಿಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇರಲಾರದು, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇಲ್ಲ. ಅದರ ನಂತರದ ಆವೃತ್ತಿಯಾದ ಆಲ್ಟೊ 800ರ ಏರ್‌ಬ್ಯಾಗ್ ಇಲ್ಲದ ಮಾದರಿಗೆ ಕಾರುಗಳ ಸುರಕ್ಷತೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2014ರ ಪರೀಕ್ಷೆಯಲ್ಲಿ, ಗಂಟೆಗೆ 64 ಕಿಲೋಮೀಟರ್ ವೇಗದ ಡಿಕ್ಕಿಯಲ್ಲಿ, ಸಿಕ್ಕಿದ್ದು ಸೊನ್ನೆ ನಕ್ಷತ್ರ. ಅಂದು ಪರೀಕ್ಷೆಗೊಳಗಾದ ಬೇರೆ ಕಂಪೆನಿಗಳ ನಾಲ್ಕು ಸಣ್ಣ ಕಾರುಗಳಿಗೂ ಅಷ್ಟೇ ಸಿಕ್ಕಿತು. ಪೇಟೆಗೆ, ಸೊಸೈಟಿಗೆ, ತೋಟದ ಕೆಲಸಕ್ಕೆ ಓಡಾಡುವಾಗ ವೇಗ ಕಡಿಮೆ, ಅಪಾಯವೂ ಕಡಿಮೆ. ಆದರೆ ತಲಪಾಡಿಯಿಂದ ಇತ್ತ ಆರು ಪಥಗಳಾಗಿ ಅಗಲವಾಗುತ್ತ ಬಂದಿರುವ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳು ನೂರರ ವೇಗದಲ್ಲಿ ಪಕ್ಕದಲ್ಲಿ ಸಾಗುವಾಗ, ಅಥವಾ ಘಟ್ಟ ಹತ್ತಿ ಬೆಂಗಳೂರಿಗೆ ಹೋಗುವಾಗ, ಏಳುನೂರು ಚಿಲ್ಲರೆ ಕಿಲೋ ತೂಕದ ಆ ಹಗುರ ತಗಡಿನೊಳಗೆ ನಿಮ್ಮಿಬ್ಬರನ್ನು ಕಲ್ಪಿಸಿಕೊಂಡರೆ ನನಗೆ ನೆಮ್ಮದಿ ಆಗುವುದಿಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ಮಗ ಸರಿ. ಅವನು ಬಾಯಿಬಿಟ್ಟು ಹೇಳದಿದ್ದರೂ ಅವನ ಒತ್ತಾಯದ ಹಿಂದೆ ಇರುವುದು ಇದೇ ಕಾಳಜಿ ಇರಬಹುದು.

ಬೆನ್ನುನೋವಿನ ಬಗ್ಗೆಯೂ ಎರಡು ಮಾತು. ಸೆಡಾನಿನ ಸೀಟು ಬೆನ್ನಿಗೆ ಹಿತವಾದದ್ದು, ಆದರೆ ಅದು ತಗ್ಗಿನಲ್ಲಿರುತ್ತದೆ. ಹತ್ತುವಾಗ ಬಗ್ಗಿ ಕುಸಿದು ಕೂರಬೇಕು, ಇಳಿಯುವಾಗ ಸೊಂಟದ ಬಲದಿಂದ ಏಳಬೇಕು. ನನ್ನ ಗಿರಾಕಿಗಳಲ್ಲಿ ಬೆನ್ನುನೋವಿರುವವರು ದೂರುವುದು ಪ್ರಯಾಣಕ್ಕಿಂತ ಹೆಚ್ಚಾಗಿ ಈ ಹತ್ತಿ ಇಳಿಯುವುದನ್ನು. ಸೀಟಿನ ಎತ್ತರ ಕುಳಿತುಕೊಳ್ಳುವವರ ಸೊಂಟದ ಮಟ್ಟಕ್ಕೆ ಹತ್ತಿರವಿರುವ ಕಾರು ಅವರಿಗೆ ಹೆಚ್ಚು ಅನುಕೂಲ. ಆಲ್ಟೊ ಈಗ ಎತ್ತಿ ಹಾಕುತ್ತಿದ್ದರೆ ಅದು ಅದರ ಹುಟ್ಟುಗುಣ ಮಾತ್ರವಲ್ಲ, 1,38,000 ಕಿಲೋಮೀಟರ್ ಓಡಿದ ಶಾಕ್ ಅಬ್ಸಾರ್ಬರುಗಳು ಸತ್ತಿರುವುದೂ ಕಾರಣ. ನಾಲ್ಕು ಶಾಕ್ ಅಬ್ಸಾರ್ಬರ್, ಬುಷ್‌ಗಳು, ಎಂಜಿನ್ ಮೌಂಟಿಂಗ್‌ಗಳು ಇಷ್ಟನ್ನು ಹೊಸತು ಹಾಕಿಸಿದರೆ ಮೂವತ್ತು ಸಾವಿರದೊಳಗೆ ಮುಗಿಯುತ್ತದೆ, ಮತ್ತು ಇದು ನನ್ನ ಕಾರೇ ಹೌದೋ ಎಂದು ನೀವು ಕೇಳುವಷ್ಟು ಬದಲಾವಣೆ ಆಗುತ್ತದೆ. ಆ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ. ಬದಲಾಯಿಸಿದ ನೆನಪು ನಿಮಗಿಲ್ಲದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಮಾಡಿಸಿ.

ಹಾಗಾದರೆ ನಾನು ನಿಮ್ಮ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದೆ? ಆಲ್ಟೊಗೆ ಮೇಲೆ ಹೇಳಿದ ರಿಪೇರಿ ಮಾಡಿಸಿ, ನೋಂದಣಿ ನವೀಕರಿಸಿ, ಮನೆ, ತೋಟ, ಪೇಟೆಯ ಓಡಾಟಕ್ಕೆ ಇಟ್ಟುಕೊಳ್ಳುತ್ತಿದ್ದೆ. ದೂರದ ಪ್ರಯಾಣಕ್ಕಾಗಿ 14 ಲಕ್ಷದ ಅರ್ಧದಷ್ಟರಲ್ಲಿ, 2022 ಅಥವಾ ಅದಕ್ಕಿಂತ ಈಚಿನ, ಎತ್ತರದ ಸೀಟಿನ ಸಾಮಾನ್ಯ ಮಧ್ಯಮ ಕಾರೊಂದನ್ನು ಹುಡುಕುತ್ತಿದ್ದೆ. ಆ ವರ್ಷವನ್ನು ಹೇಳಲು ಕಾರಣವಿದೆ: 2019ರಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು, 2021 ಮುಗಿಯುವ ಹೊತ್ತಿಗೆ ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಏಪ್ರಿಲಿನ ನಂತರದ್ದು ಸಿಕ್ಕಿದರೆ ಎಥೆನಾಲಿನ ಚಿಂತೆಯೂ ತಪ್ಪುತ್ತದೆ. ಇದರ ತೊಂದರೆಯೆಂದರೆ ಎರಡು ಕಾರುಗಳಿಗೂ ವಿಮೆ ಕಟ್ಟಬೇಕು, ಶೆಡ್ಡನ್ನು ದೊಡ್ಡದು ಮಾಡಬೇಕು. ಒಂದೇ ಕಾರು ಸಾಕೆಂದರೆ ಆಲ್ಟೊವನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದುಕೊಳ್ಳಿ. ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇಕಡಾ 25ರ ತನಕ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ನೀಡಿದೆ.

ಎಲ್ಲ ತಿಳಿದೂ ಸೆಡಾನನ್ನೇ ಕೊಳ್ಳುವಿರಾದರೆ ಅದು ತಪ್ಪೆಂದು ನಾನು ಹೇಳಲಾರೆ. ಒಳ್ಳೆಯ ಕಾರಿನಲ್ಲಿ ಕೂರಬೇಕೆಂಬ ಆಸೆ ಅರುವತ್ತೆರಡರಲ್ಲೂ ಇರಬಾರದೆಂದೇನಿಲ್ಲ. ಆದರೆ 14 ಲಕ್ಷವನ್ನೂ ಕಾರಿಗೇ ಸುರಿಯದೆ, ಮೊದಲ ಎರಡು ವರ್ಷಗಳಿಗೆಂದು ಮೂರು ಲಕ್ಷವನ್ನು ಬೇರೆ ತೆಗೆದಿಡಿ. ಕಾರು ಮಂಗಳೂರಿನ ಕೆಎ 19 ನೋಂದಣಿಯದ್ದಾದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಕಾಸರಗೋಡಿನಲ್ಲಿ ಕೆಎಲ್ 14ಕ್ಕೆ ಬದಲಾಯಿಸಬೇಕು. ಕೇರಳದ ತೆರಿಗೆಯ ಲೆಕ್ಕ ಶುರುವಾಗುವುದು ನೀವು ಕೊಟ್ಟ 14 ಲಕ್ಷದಿಂದಲ್ಲ, ಹೊಸತಿರುವಾಗಿನ ಬೆಲೆಯಿಂದ, ವಯಸ್ಸಿಗೆ ತಕ್ಕ ಕಡಿತದೊಂದಿಗೆ. ಇದನ್ನು ಮುಂಗಡ ಕೊಡುವ ಮೊದಲೇ ಆರ್‌ಟಿಒದಲ್ಲಿ ಕೇಳಿ ತಿಳಿದುಕೊಳ್ಳಿ. ಗಡಿಯಾಚೆಯ ನೆಂಟರ ವಿಳಾಸದಲ್ಲಿ ನಂಬರನ್ನು ಹಾಗೆಯೇ ಉಳಿಸಿಕೊಳ್ಳುವ ಉಪಾಯವನ್ನು ನಮ್ಮ ಕಡೆ ಹಲವರು ಹೇಳಿಕೊಡುತ್ತಾರೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೆಯ ಕಲಮು ಹೇಳುತ್ತದೆ. ಅಪಘಾತವಾದ ದಿನ ವಿಮೆಯವರು ನಿಮ್ಮ ಖಾಯಂ ವಿಳಾಸ ಕೇಳಿದಾಗ ಆ ಉಪಾಯ ಹೇಳಿಕೊಟ್ಟವರು ಪಕ್ಕದಲ್ಲಿರುವುದಿಲ್ಲ.

ಕಾರು ನೋಡಲು ಹೋಗುವುದಿದ್ದರೆ ಬೆಳಿಗ್ಗೆ ಹೋಗಿ, ಎಂಜಿನ್ ಮುಟ್ಟಿ ತಣ್ಣಗಿದೆಯೇ ಎಂದು ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿಸಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ಎಂದು ಪರೀಕ್ಷಿಸಿ. ನೆರೆನೀರಿನಲ್ಲಿ ನಿಂತ ಕಾರನ್ನು ಎಷ್ಟೇ ತೊಳೆದರೂ ಆ ಗೆರೆ ಅಲ್ಲಿ ಉಳಿದುಬಿಡುತ್ತದೆ. ಕಂಪೆನಿಯ ಸರ್ವಿಸ್ ದಾಖಲೆಯಲ್ಲಿರುವ ಕಿಲೋಮೀಟರನ್ನು ಮೀಟರಿನೊಂದಿಗೆ ಹೋಲಿಸಿ, ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸಿದ ಬಿಲ್ಲನ್ನು ಕೇಳಿ ಪಡೆಯಿರಿ. ಅದೆಲ್ಲ ಸರಿಯಿದ್ದರೆ ಮುಂಗಡ ಕೊಡುವ ಮೊದಲು ಪತ್ನಿಯನ್ನೂ ಕೂರಿಸಿಕೊಂಡು, ಮಾರುವವರೇ ಓಡಿಸುತ್ತಾ, ಆ ಕಾರನ್ನು ನಿಮ್ಮ ಮನೆಯ ಅಂಗಳದ ತನಕ ಒಮ್ಮೆ ಇಳಿಸಿ, ಮತ್ತೆ ಡಾಮರು ರಸ್ತೆಗೆ ಹತ್ತಿಸಿ ತೋರಿಸುವಂತೆ ಕೇಳಿಕೊಳ್ಳಿ.